ಪೊಲೀಸರು ಪಕ್ಕಕ್ಕಿಟ್ಟ ಕಾಗದಗಳು: ಆರೋಪಿ ಪರ ವಕೀಲರು ಕೇಳುತ್ತಿರುವ ನಾಲ್ಕನೆಯ ಪಟ್ಟಿ

ಸೆಷನ್ಸ್ ನ್ಯಾಯಾಲಯಕ್ಕೆ ಬರುವ ದೋಷಾರೋಪಣ ಪಟ್ಟಿಯ ಜೊತೆ ಮೂರು ಪಟ್ಟಿಗಳಿರುತ್ತವೆ: ಸಾಕ್ಷಿದಾರರದು, ದಾಖಲೆಗಳದು, ಮುದ್ದೆಮಾಲುಗಳದು (ಅಂದರೆ ವಶಪಡಿಸಿಕೊಂಡ ವಸ್ತುಗಳದು). ತನಿಖಾಧಿಕಾರಿ ತಮ್ಮ ಕೇಸನ್ನು ಯಾವುದರ ಮೇಲೆ ನಿಲ್ಲಿಸಲು ಹೊರಟಿದ್ದಾರೋ ಅದಷ್ಟೂ ಈ ಮೂರರಲ್ಲಿ ಬಂದಿರುತ್ತದೆ. ಆರೋಪಿ ಪರ ವಕೀಲರು ಬಹುಕಾಲದಿಂದ ಕೇಳುತ್ತಿರುವುದು ನಾಲ್ಕನೆಯದೊಂದನ್ನು. ತನಿಖೆಯಲ್ಲಿ ಕೈಗೆ ಸಿಕ್ಕಿಯೂ ಪೊಲೀಸರು ನೆಚ್ಚಿಕೊಳ್ಳದೆ ಪಕ್ಕಕ್ಕಿಟ್ಟ ಹೇಳಿಕೆ, ಕಾಗದ, ವಸ್ತುಗಳ ಪಟ್ಟಿ ಅದು.

ಜಾತ್ರೆಯಲ್ಲಿ ನಡೆದ ಹೊಡೆದಾಟವೊಂದನ್ನು ಊಹಿಸಿಕೊಳ್ಳಿ. ಐವರು ಅಂಗಡಿಯವರ ಹೇಳಿಕೆ ಬರೆದುಕೊಂಡ ಪೊಲೀಸರು ಮೂವರನ್ನು ಮಾತ್ರ ಸಾಕ್ಷಿ ಮಾಡುತ್ತಾರೆ. ಉಳಿದಿಬ್ಬರು ಏನು ಹೇಳಿದ್ದರು? ಆರೋಪಿಯ ಮೊಬೈಲ್ ಕರೆ ವಿವರ ತರಿಸಿಕೊಂಡು ಕಡತಕ್ಕೆ ಸೇರಿಸದೆ ಬಿಟ್ಟರೆ, ಆ ಹೊತ್ತಿಗೆ ಆತ ಯಾವ ಟವರಿನ ಆಸುಪಾಸಿನಲ್ಲಿದ್ದ? ಉತ್ತರ ಆರೋಪಿಗೆ ಅನುಕೂಲವಾಗಿಯೇ ಇರುತ್ತದೆ ಎಂದೇನಿಲ್ಲ. ಆದರೆ ಹಾಗೊಂದು ಕಾಗದ ಇದೆ ಎಂಬುದೇ ಗೊತ್ತಿಲ್ಲದವನು ಅದನ್ನು ಕೇಳುವುದಾದರೂ ಹೇಗೆ?

ಈ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಬಂದ ದಾರಿ ಸ್ವಲ್ಪ ವಿಚಿತ್ರವಾದದ್ದು. 2017ರಲ್ಲಿ ಕ್ರಿಮಿನಲ್ ಮೇಲ್ಮನವಿಯೊಂದರ ವಿಚಾರಣೆ ನಡೆಯುತ್ತಿದ್ದಾಗ, ವಿಚಾರಣಾ ನ್ಯಾಯಾಲಯಗಳ ಕಡತಗಳು ರಾಜ್ಯಕ್ಕೊಂದು ಬಗೆಯಲ್ಲಿ ಸಿದ್ಧವಾಗುತ್ತಿರುವುದು ನ್ಯಾಯಮೂರ್ತಿಗಳ ಗಮನಕ್ಕೆ ಬಂತು. ಒಂದು ಕಡೆ ನಿಶಾನೆಗಳಿಗೆ (ಸಾಕ್ಷ್ಯವೆಂದು ಗುರುತು ಹಾಕಿದ ದಾಖಲೆ, ವಸ್ತುಗಳಿಗೆ) ಸಂಖ್ಯೆ ಕೊಡುವ ಕ್ರಮ ಬೇರೆ, ಇನ್ನೊಂದು ಕಡೆ ಸಾಕ್ಷಿದಾರರನ್ನು ಗುರುತಿಸುವ ಕ್ರಮ ಬೇರೆ. ತೀರ್ಪಿನಲ್ಲಿ ಯಾರು ಯಾರೆಂದು ಪತ್ತೆ ಹಚ್ಚುವುದೇ ಮೇಲ್ಮನವಿ ನ್ಯಾಯಾಲಯಕ್ಕೆ ಒಂದು ಕೆಲಸ. ನ್ಯಾಯಾಲಯ ಸ್ವಯಂಪ್ರೇರಿತವಾಗಿ ಪ್ರಕರಣ ದಾಖಲಿಸಿಕೊಂಡು ಸಿದ್ಧಾರ್ಥ ಲೂಥ್ರಾ, ಆರ್. ಬಸಂತ್ ಮತ್ತು ಕೆ. ಪರಮೇಶ್ವರ್ ಅವರನ್ನು ಅಮಿಕಸ್ ಕ್ಯೂರಿಗಳನ್ನಾಗಿ, ಅಂದರೆ ನ್ಯಾಯಾಲಯಕ್ಕೆ ನೆರವಾಗುವ ವಕೀಲರನ್ನಾಗಿ, ನೇಮಿಸಿತು. ಬಸಂತ್ ಕೇರಳ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದವರು. ಲೂಥ್ರಾ ಕೇಂದ್ರದ ಹೆಚ್ಚುವರಿ ಸಾಲಿಸಿಟರ್ ಜನರಲ್ ಆಗಿದ್ದವರು, ದೆಹಲಿಯ ಹೆಸರಾಂತ ಕ್ರಿಮಿನಲ್ ವಕೀಲರು. ಕಟಕಟೆಯ ಎರಡೂ ಬದಿಯನ್ನು ಬಲ್ಲವರು ಸೇರಿ, ರಾಜ್ಯ ಸರ್ಕಾರಗಳ ಮತ್ತು ಹೈಕೋರ್ಟುಗಳ ಅಭಿಪ್ರಾಯ ಪಡೆದು ಕರಡು ನಿಯಮಗಳನ್ನು ಸಿದ್ಧಪಡಿಸಿದರು. 2021ರ ಏಪ್ರಿಲ್ 20ರಂದು, ಮುಖ್ಯ ನ್ಯಾಯಮೂರ್ತಿ ಎಸ್.ಎ. ಬೊಬ್ಡೆ ನಿವೃತ್ತರಾಗುವುದಕ್ಕೆ ಮೂರು ದಿನ ಮೊದಲು, ಅವರ ನೇತೃತ್ವದ ಮೂವರ ಪೀಠ ಆ ಕರಡನ್ನು ಒಪ್ಪಿತು. ಆರು ತಿಂಗಳೊಳಗೆ ಎಲ್ಲ ಹೈಕೋರ್ಟುಗಳೂ ಅದನ್ನು ತಮ್ಮ ನಿಯಮಾವಳಿಯಲ್ಲಿ ಅಳವಡಿಸಿಕೊಳ್ಳಬೇಕು, ರಾಜ್ಯ ಸರ್ಕಾರದ ಒಪ್ಪಿಗೆ ಬೇಕಿದ್ದರೆ ಅದೂ ಆ ಆರು ತಿಂಗಳಲ್ಲೇ ಸಿಗಬೇಕು ಎಂದು ಆದೇಶಿಸಿತು.

ಕರಡನ್ನು ಓದಿದರೆ, ಕೋರ್ಟಿನ ಆವರಣದಲ್ಲಿ ಕರಿಕೋಟು ತೊಟ್ಟು ವರ್ಷಗಟ್ಟಲೆ ಓಡಾಡಿದವರ ಗೊಣಗಾಟವೆಲ್ಲ ನಿಯಮದ ಭಾಷೆಗೆ ಇಳಿದಂತೆ ಕಾಣುತ್ತದೆ. ನ್ಯಾಯಾಧೀಶರು ಒಂದೇ ವೇಳೆಯಲ್ಲಿ ಒಂದಕ್ಕಿಂತ ಹೆಚ್ಚು ಪ್ರಕರಣಗಳ ಸಾಕ್ಷ್ಯ ದಾಖಲಿಸಬಾರದು ಎಂಬುದು ಅದರಲ್ಲಿರುವ ಒಂದು ಮಾತು. ಇಂಥದ್ದನ್ನೂ ಬರೆದು ತಿಳಿಸಬೇಕಾಯಿತೇ ಎಂದು ಹೊರಗಿನವರಿಗೆ ಅನ್ನಿಸಬಹುದು. ಒಳಗಿನವರು ನಕ್ಕು ಸುಮ್ಮನಾಗುತ್ತಾರೆ. ಸಾಕ್ಷಿಯ ಹೇಳಿಕೆಯನ್ನು ತೆರೆದ ನ್ಯಾಯಾಲಯದಲ್ಲಿ ಓದಿ ಹೇಳಬೇಕು, ಅದರ ಪ್ರತಿಯನ್ನು ಅಂದೇ ಉಚಿತವಾಗಿ ಆರೋಪಿಗೆ ಅಥವಾ ಅವನ ವಕೀಲರಿಗೆ ಕೊಡಬೇಕು. ಜಾಮೀನು ಅರ್ಜಿ ಮೊದಲ ದಿನಾಂಕದಿಂದ ಸಾಮಾನ್ಯವಾಗಿ 3ರಿಂದ 7 ದಿನಗಳೊಳಗೆ ಇತ್ಯರ್ಥವಾಗಬೇಕು, ಆಗದಿದ್ದರೆ ಕಾರಣವನ್ನು ಆದೇಶದಲ್ಲೇ ಬರೆಯಬೇಕು. ದೇಶದ ಜೈಲುಗಳಲ್ಲಿರುವವರಲ್ಲಿ ವಿಚಾರಣಾಧೀನ ಕೈದಿಗಳ ಪಾಲು 2022ರ ಅಂತ್ಯಕ್ಕೆ ಶೇ 75.8ರಷ್ಟಿತ್ತು ಎಂಬುದನ್ನು ನೆನೆದರೆ ಈ ನಿಯಮದ ತೂಕ ತಿಳಿಯುತ್ತದೆ.

'ಸ್ವಇಚ್ಛಾ ಹೇಳಿಕೆ'ಯ ವಿಚಾರಕ್ಕೆ ಬರೋಣ. ಠಾಣೆಯಲ್ಲಿ ಆರೋಪಿಯಿಂದ ಪಡೆದ ಈ ಹೇಳಿಕೆ ನಮ್ಮ ದೋಷಾರೋಪಣ ಪಟ್ಟಿಗಳ ಖಾಯಂ ಅತಿಥಿ. 'ನಾನೇ ಕೊಂದೆ, ಮಚ್ಚನ್ನು ಹಾಳು ಬಾವಿಯ ಪಕ್ಕದ ಪೊದೆಯಲ್ಲಿ ಎಸೆದಿದ್ದೇನೆ, ಬಂದರೆ ತೋರಿಸುತ್ತೇನೆ' ಎಂಬ ಧಾಟಿಯಲ್ಲಿ ಪುಟಗಟ್ಟಲೆ ಇರುತ್ತದೆ. ಕಾನೂನಿನ ಪ್ರಕಾರ ಇದರಲ್ಲಿ ಸಾಕ್ಷ್ಯವಾಗಿ ನಿಲ್ಲುವುದು, ವಸ್ತು ಪತ್ತೆಯಾಗಲು ನೇರ ಕಾರಣವಾದ ಮಾತಷ್ಟೇ. ಬ್ರಿಟಿಷರ ಕಾಲದ ಅತ್ಯುನ್ನತ ಮೇಲ್ಮನವಿ ಪೀಠವಾಗಿದ್ದ ಪ್ರಿವಿ ಕೌನ್ಸಿಲ್ಲೇ ಇದನ್ನು ಹೇಳಿ ಮುಗಿಸಿದೆ. ಪೊಲೀಸರೆದುರಿನ 'ನಾನೇ ಕೊಂದೆ'ಗೆ ಬೆಲೆಯಿಲ್ಲ. ಆದರೂ ಇಡೀ ಹೇಳಿಕೆಗೆ ನಿಶಾನೆ ಸಂಖ್ಯೆ ಬಿದ್ದು, ಅದು ತೀರ್ಪು ಬರೆಯುವವರ ಮೇಜಿನ ಮೇಲಿರುತ್ತದೆ. ಓದಿದ್ದನ್ನು ಓದಿಲ್ಲವೆಂದು ಮನಸ್ಸಿನಿಂದ ಅಳಿಸಿಹಾಕುವುದು ಯಾವ ಮನುಷ್ಯನಿಗೂ ಸುಲಭವಲ್ಲ. ಕರಡು ಇದಕ್ಕೆ ಮದ್ದು ಸೂಚಿಸಿತು: ಸಾಕ್ಷ್ಯವಾಗಬಲ್ಲ ಭಾಗವನ್ನು ಮಾತ್ರ ಬೇರೆ ಹಾಳೆಯಲ್ಲಿ ಬರೆದು, ಆ ಹಾಳೆಗಷ್ಟೇ ನಿಶಾನೆ ಹಾಕಿ.

ಪಾಟೀ ಸವಾಲಿನ ವೇಳೆಯ ತಕರಾರೂ ಇಂಥದ್ದೇ. ಸಾಕ್ಷಿಯೊಬ್ಬ ಪೊಲೀಸರ ಮುಂದೆ ಒಂದು, ಕಟಕಟೆಯಲ್ಲಿ ಒಂದು ಹೇಳಿದಾಗ ಆ ವ್ಯತ್ಯಾಸವನ್ನು ತೋರಿಸುವುದೇ ಆರೋಪಿ ಪರ ವಕೀಲರ ಮುಖ್ಯ ಆಯುಧ. ಹಳೆಯ ಹೇಳಿಕೆಯ ಯಾವ ಸಾಲು ಎಂಬುದು ದಾಖಲೆಯಲ್ಲಿ ಸ್ಪಷ್ಟವಾಗಿ ಬರದಿದ್ದರೆ ಮೇಲ್ಮನವಿಯಲ್ಲಿ ಆ ಆಯುಧ ಮೊಂಡಾಗುತ್ತದೆ. ಆ ಭಾಗವನ್ನು ಯಥಾವತ್ತಾಗಿ ಎತ್ತಿ ಬರೆಯಬೇಕು, ಆಗದಿದ್ದರೆ ಅದರ ಮೊದಲ ಮತ್ತು ಕೊನೆಯ ಪದಗಳನ್ನಾದರೂ ನಮೂದಿಸಬೇಕು ಎನ್ನುತ್ತದೆ ಕರಡು.

ಇಷ್ಟರಲ್ಲಿ ಹೆಚ್ಚಿನವು ಗುಮಾಸ್ತಿಕೆಯ ಶಿಸ್ತು. ಯಾರಿಗೂ ದೊಡ್ಡ ತಕರಾರು ಇರಲಾರದು. ತಕರಾರು ಇರುವುದು ನಾಲ್ಕನೆಯ ನಿಯಮದ ಕೆಳಗಿನ ವಿವರಣೆಯಲ್ಲಿ. ತನಿಖಾಧಿಕಾರಿ ನೆಚ್ಚಿಕೊಳ್ಳದ ಹೇಳಿಕೆ, ದಾಖಲೆ, ವಸ್ತುಗಳನ್ನೂ ಪಟ್ಟಿಯಲ್ಲಿ ಕಾಣಿಸಬೇಕು ಎಂದು ಅದು ಹೇಳುತ್ತದೆ.

ಈ ಬೇಡಿಕೆಗೆ ಬೆಂಗಳೂರಿನಲ್ಲೇ ಒಂದು ಹಿನ್ನೆಲೆಯಿದೆ. ಜಯಲಲಿತಾ ಮತ್ತಿತರರ ವಿರುದ್ಧದ ಅಕ್ರಮ ಆಸ್ತಿ ಪ್ರಕರಣ ತಮಿಳುನಾಡಿನಿಂದ ಇಲ್ಲಿನ ವಿಶೇಷ ನ್ಯಾಯಾಲಯಕ್ಕೆ ವರ್ಗವಾಗಿತ್ತಷ್ಟೆ. ಪ್ರಾಸಿಕ್ಯೂಷನ್ ಗುರುತು ಹಾಕಿಸದೆ ಬಿಟ್ಟ ದಾಖಲೆಗಳನ್ನು ನೋಡಲು ಅವಕಾಶ ಕೊಡಿ ಎಂದು ವಿ.ಕೆ. ಶಶಿಕಲಾ ಕೇಳಿದರು. ಇಲ್ಲಿ ನಿರಾಕರಣೆಯಾಯಿತು. 2012ರಲ್ಲಿ ಸುಪ್ರೀಂ ಕೋರ್ಟ್, ನ್ಯಾಯಾಲಯದ ವಶದಲ್ಲಿರುವ ಅಂಥ ದಾಖಲೆಗಳನ್ನು ಪರಿಶೀಲಿಸುವುದು ನ್ಯಾಯಯುತ ವಿಚಾರಣೆಯ ಭಾಗ ಎಂದು ಹೇಳಿ ಅವಕಾಶ ಕೊಟ್ಟಿತು. ಆ ಪ್ರಕರಣದ ಆರೋಪಿಗಳಿಗೆ ದಿಲ್ಲಿಯವರೆಗೆ ಹೋಗುವ ಶಕ್ತಿಯಿತ್ತು. ರಾಯಚೂರಿನ ಒಬ್ಬ ಕೂಲಿಕಾರನಿಗೋ ಕೊಳ್ಳೇಗಾಲದ ಒಬ್ಬ ಲಾರಿ ಚಾಲಕನಿಗೋ ಅದು ಇರುವುದಿಲ್ಲ. ತೀರ್ಪಿನಲ್ಲಿರುವ ಹಕ್ಕನ್ನು ನಿಯಮವಾಗಿ ಬರೆಯಬೇಕು ಎಂದು ವಕೀಲರು ಪಟ್ಟು ಹಿಡಿಯುವುದು ಈ ಕಾರಣಕ್ಕೆ. ನಿಯಮವಾದರೆ ಕೇಳದೆಯೇ ಸಿಗುತ್ತದೆ.

2021ರ ಆದೇಶದ ನಂತರ ನಡೆದದ್ದು ಊಹಿಸಬಹುದಾದದ್ದೇ. ಆರು ತಿಂಗಳು ಕಳೆದವು. ಕೆಲವೆಡೆ ನಿಯಮ ಬದಲಾಯಿತು, ಕೆಲವೆಡೆ ಕಡತ ಹೈಕೋರ್ಟಿಗೂ ಸಚಿವಾಲಯಕ್ಕೂ ಓಡಾಡಿತು. 2022ರ ಮೇ ತಿಂಗಳಲ್ಲಿ ಮಧ್ಯಪ್ರದೇಶದ ಮರಣದಂಡನೆ ಪ್ರಕರಣವೊಂದರಲ್ಲಿ, ವಕೀಲರು 'ಮನೋಜ್ ತೀರ್ಪು' ಎಂದು ಕರೆಯುವ ತೀರ್ಪಿನಲ್ಲಿ, ನೆಚ್ಚಿಕೊಳ್ಳದ ದಾಖಲೆಗಳ ಪಟ್ಟಿಯನ್ನು ಎಲ್ಲ ಕ್ರಿಮಿನಲ್ ವಿಚಾರಣೆಗಳಲ್ಲೂ ಪ್ರಾಸಿಕ್ಯೂಷನ್ ಕೊಡಬೇಕು ಎಂದು ಸುಪ್ರೀಂ ಕೋರ್ಟ್ ಮತ್ತೆ ಹೇಳಿತು. ಅದೇ ವರ್ಷ ನವೆಂಬರ್‌ನಲ್ಲಿ ಪೊನ್ನುಸಾಮಿ ಪ್ರಕರಣದಲ್ಲಿ, ನಿಯಮ ಇನ್ನೂ ಜಾರಿಯಾಗಿಲ್ಲ ಎಂಬ ನೆಪದಿಂದ ಆರೋಪಿಯ ಹಕ್ಕು ಕುಂದಬಾರದು ಎಂದು ಬಹುಮತದ ತೀರ್ಪು ಬಂತು. 2025ರ ಮೇ 7ರಂದು ಸರಳಾ ಗುಪ್ತಾ ಪ್ರಕರಣದಲ್ಲಿ ಇದೇ ತತ್ವ ಜಾರಿ ನಿರ್ದೇಶನಾಲಯದ ಪ್ರಕರಣಗಳಿಗೂ ವಿಸ್ತರಿಸಿತು. ಹಣ ಅಕ್ರಮ ವರ್ಗಾವಣೆಯ ಕಾಯ್ದೆಯಲ್ಲಿ ಜಾಮೀನು ಪಡೆಯುವುದೇ ದುಸ್ತರವಾಗಿರುವಾಗ ಅದು ಸಣ್ಣ ಮಾತಲ್ಲ.

ಒಂದೇ ಮಾತನ್ನು ಸರ್ವೋಚ್ಚ ನ್ಯಾಯಾಲಯ ನಾಲ್ಕು ವರ್ಷಗಳಲ್ಲಿ ಮತ್ತೆ ಮತ್ತೆ ಹೇಳಬೇಕಾಗಿ ಬಂದದ್ದೇಕೆ? ಸಂವಿಧಾನದ 227ನೇ ವಿಧಿಯ ಅಡಿ ಅಧೀನ ನ್ಯಾಯಾಲಯಗಳಿಗೆ ನಿಯಮ ರೂಪಿಸುವ ಅಧಿಕಾರ ಹೈಕೋರ್ಟಿಗಿದೆ, ಆದರೆ ರಾಜ್ಯಪಾಲರ ಪೂರ್ವಾನುಮೋದನೆ ಬೇಕು. ಅಂದರೆ ಕಾರ್ಯತಃ ಸರ್ಕಾರದ್ದು. ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 523ನೇ ಕಲಂ ಕೂಡ ರಾಜ್ಯ ಸರ್ಕಾರದ ಪೂರ್ವಾನುಮೋದನೆಯನ್ನೇ ಹೇಳುತ್ತದೆ. ಕ್ರಿಮಿನಲ್ ಪ್ರಕರಣಗಳಲ್ಲಿ ಸರ್ಕಾರವೇ ಒಂದು ಪಕ್ಷಗಾರ. ಎದುರಾಳಿಗೆ ತನ್ನ ಕೈಯಲ್ಲಿರುವ ಕಾಗದಗಳನ್ನು ತೋರಿಸಬೇಕೆಂಬ ನಿಯಮಕ್ಕೆ ಆ ಪಕ್ಷಗಾರನೇ ಅಂಕಿತ ಹಾಕಬೇಕು. ಇಲ್ಲಿ ದುರುದ್ದೇಶ ಹುಡುಕುವ ಅಗತ್ಯವೇನಿಲ್ಲ. ಯಾರಿಗೂ ಅವಸರವಿಲ್ಲದಿದ್ದರೆ ಸಾಕು, ಕಡತ ನಿಂತಲ್ಲೇ ನಿಲ್ಲುತ್ತದೆ.

ಕ್ರಿಮಿನಲ್ ನ್ಯಾಯಾಲಯಗಳಿಗೆ ಕರ್ನಾಟಕದಲ್ಲಿರುವ ನಿಯಮಾವಳಿ, ಕ್ರಿಮಿನಲ್ ರೂಲ್ಸ್ ಆಫ್ ಪ್ರಾಕ್ಟೀಸ್, 1968ರದು. ಆಗ ಜಾರಿಯಲ್ಲಿದ್ದದ್ದು 1898ರ ದಂಡ ಪ್ರಕ್ರಿಯಾ ಸಂಹಿತೆ. ಆ ಬಳಿಕ 1973ರ ಸಂಹಿತೆ ಬಂದು ಐವತ್ತು ವರ್ಷ ಬಾಳಿ ಹೋಯಿತು, 2024ರ ಜುಲೈ 1ರಿಂದ ಮೂರನೆಯದು, ಅಂದರೆ ನಾಗರಿಕ ಸುರಕ್ಷಾ ಸಂಹಿತೆ, ನಡೆಯುತ್ತಿದೆ. ಕಲಂಗಳ ಸಂಖ್ಯೆಗಳೆಲ್ಲ ಬದಲಾಗಿರುವುದರಿಂದ ಹಳೆಯ ನಿಯಮಾವಳಿಗಳನ್ನು ಹೇಗೂ ತೆರೆದು ತಿದ್ದಲೇಬೇಕು. ಆರೋಪಿ ಪರ ವಕೀಲರ ಮಾತಿಗೆ ಈಗ ಸಂದರ್ಭ ಒದಗಿರುವುದು ಹೀಗೆ.

ಹೊಸ ಸಂಹಿತೆಯೇ ಇದನ್ನು ಬಗೆಹರಿಸಬಹುದಿತ್ತು, ಬಗೆಹರಿಸಲಿಲ್ಲ. ಅದು ಕೊಟ್ಟದ್ದು ಗಡುವುಗಳನ್ನು. ಆರೋಪಿ ಹಾಜರಾದ 14 ದಿನಗಳೊಳಗೆ ದೋಷಾರೋಪಣ ಪಟ್ಟಿಯ ಪ್ರತಿ, ವಿಚಾರಣೆಗೆ ಮೊದಲೇ ಆರೋಪದಿಂದ ಬಿಡುಗಡೆ ಕೋರುವ ಅರ್ಜಿಗೆ 60 ದಿನ, ವಾದ ಮುಗಿದ ಮೇಲೆ ತೀರ್ಪಿಗೆ 30, ಹೆಚ್ಚೆಂದರೆ 45 ದಿನ. ಆದರೆ 14 ದಿನಗಳಲ್ಲಿ ಕೊಡಬೇಕಾದದ್ದು ಏನು ಎಂದು 230ನೇ ಕಲಮಿನಲ್ಲಿ ಹುಡುಕಿದರೆ ಹಳೆಯ 207ನೇ ಕಲಮಿನ ಮಾತುಗಳೇ ಎದುರಾಗುತ್ತವೆ: ಪ್ರಾಸಿಕ್ಯೂಷನ್ ಯಾರನ್ನು ಸಾಕ್ಷಿಯಾಗಿ ವಿಚಾರಿಸಲಿದೆಯೋ ಅವರ ಹೇಳಿಕೆಗಳು, ಯಾವ ದಾಖಲೆಗಳನ್ನು ನೆಚ್ಚಿಕೊಂಡಿದೆಯೋ ಅವು. ಗಡುವು ಬಂತು, ಕಾಗದ ಬರಲಿಲ್ಲ.

330ನೇ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ದಾಖಲೆಗಳ ನೈಜತೆಯನ್ನು ಒಪ್ಪುತ್ತೀರೋ ಇಲ್ಲವೋ ಎಂದು 30 ದಿನಗಳೊಳಗೆ ಹೇಳಬೇಕು ಎನ್ನುತ್ತದೆ. ವಿಚಾರಣೆ ಬೇಗ ಮುಗಿಯಲಿ ಎಂಬ ಉದ್ದೇಶ ಸರಿಯಾದದ್ದೇ. ಆದರೆ ಅರ್ಧ ಕಡತವನ್ನಷ್ಟೇ ನೋಡಿದ ವಕೀಲರು ಯಾವ ಧೈರ್ಯದ ಮೇಲೆ ಒಪ್ಪಬೇಕು? ಎಲ್ಲವನ್ನೂ ನಿರಾಕರಿಸುವುದೇ ಅವರಿಗೆ ಉಳಿಯುವ ಸುರಕ್ಷಿತ ದಾರಿ. ಹಾಗೆ ನಿರಾಕರಿಸಿದರೆ ಪ್ರತಿ ಮಹಜರಿಗೂ ಪಂಚರು ಬರಬೇಕು, ಪ್ರತಿ ವರದಿಗೂ ವೈದ್ಯರು ಬರಬೇಕು. ವಿಳಂಬಕ್ಕೆ ವಕೀಲರನ್ನು ದೂರುವವರು ಈ ಲೆಕ್ಕವನ್ನೂ ಹಾಕಬೇಕು.

ಗಡುವಿನ ಹಿಂದೆ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಮಧ್ಯಪ್ರದೇಶದ ಖಂಡ್ವಾದ ಪ್ರಕರಣಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. 2013ರ ಫೆಬ್ರುವರಿ 19ರಂದು ಆರೋಪಿಗೆ ಕಾನೂನು ನೆರವಿನ ವಕೀಲರ ನೇಮಕ. ಅದೇ ದಿನ ದೋಷಾರೋಪ ನಿಗದಿ. ಮಾರ್ಚ್ 4ರಂದು ತೀರ್ಪು. ಮಗುವಿನ ಅತ್ಯಾಚಾರ ಮತ್ತು ಕೊಲೆಯ ಆರೋಪದ ಮೇಲೆ ಮರಣದಂಡನೆ. ಎರಡು ವಾರದಲ್ಲಿ ನ್ಯಾಯ ದೊರಕಿತು ಎಂದು ಬೀಗಬಹುದಾದ ಪ್ರಕರಣ. 2019ರಲ್ಲಿ ಸುಪ್ರೀಂ ಕೋರ್ಟ್ ಆ ವಿಚಾರಣೆಯನ್ನೇ ರದ್ದು ಮಾಡಿತು. ಮರಣದಂಡನೆ ಅಥವಾ ಜೀವಾವಧಿಯ ಸಾಧ್ಯತೆಯಿರುವ ಪ್ರಕರಣಗಳಲ್ಲಿ ನೆರವಿನ ವಕೀಲರಿಗೆ ಕನಿಷ್ಠ 10 ವರ್ಷಗಳ ಅನುಭವ ಇರಬೇಕು, ಸಿದ್ಧತೆಗೆ ಸಾಮಾನ್ಯವಾಗಿ ಕನಿಷ್ಠ 7 ದಿನ ಕೊಡಬೇಕು ಎಂದು ಹೇಳಿತು. ಮರುವಿಚಾರಣೆಗಳಾಗಿ 2024ರಲ್ಲಿ ಆರೋಪಿ ಖುಲಾಸೆಯಾದ. ಹನ್ನೊಂದು ವರ್ಷ ಆತ ಜೈಲಿನಲ್ಲಿ ಕಳೆದ. ಮಗುವನ್ನು ಕಳೆದುಕೊಂಡ ಕುಟುಂಬಕ್ಕೆ ಕೊಂದವರು ಯಾರೆಂಬುದೂ ತಿಳಿಯಲಿಲ್ಲ.

ಪೊಲೀಸರ ಮತ್ತು ಅಭಿಯೋಜಕರ ಆಕ್ಷೇಪಗಳನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮಾಹಿತಿದಾರರ ಸುಳಿವು ಸಿಗಬಹುದು, ಸಂತ್ರಸ್ತೆಯ ಮೊಬೈಲಿನಲ್ಲಿರುವ ಖಾಸಗಿ ಸಂಗತಿಗಳು ಬಯಲಾಗಬಹುದು, ಸಿಕ್ಕಿದ್ದೆಲ್ಲ ಕೇಳುತ್ತಾ ಪ್ರಕರಣ ಎಳೆಯಬಹುದು ಎಂಬುದು ಅವರ ಆತಂಕ. ಇವುಗಳಲ್ಲಿ ಎರಡನೆಯದನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ದೂರುದಾರಳ ಬದುಕನ್ನೇ ಕೆದಕುವ ಚಟ ನಮ್ಮ ನ್ಯಾಯಾಲಯಗಳಿಗೆ ಹೊಸದಲ್ಲ. ಆದರೆ ಕರಡು ಕೇಳುತ್ತಿರುವುದು ಪಟ್ಟಿಯನ್ನು. ದಾಖಲೆಗಳು ಅದರೊಂದಿಗೆ ತಾವಾಗಿಯೇ ಬರುವುದಿಲ್ಲ. 'ಮೊಬೈಲ್ ಫೋನಿನ ದತ್ತಾಂಶ, ಒಂದು ಪೆನ್‌ಡ್ರೈವ್' ಎಂದು ಬರೆದರೆ ಒಳಗಿನ ಒಂದಕ್ಷರವೂ ಹೊರಬೀಳದು. ಅದನ್ನು ತರಿಸಬೇಕೋ ಬೇಡವೋ ಎಂಬುದನ್ನು ಹೊಸ ಸಂಹಿತೆಯ 94ನೇ ಕಲಮಿನಡಿ ನ್ಯಾಯಾಧೀಶರೇ ನಿರ್ಧರಿಸುತ್ತಾರೆ. ಹೇಳಿಕೆಯ ಯಾವುದಾದರೂ ಭಾಗ ಆರೋಪಿಗೆ ತಿಳಿಯಬಾರದು ಎನಿಸಿದರೆ ಕಾರಣ ಕೊಟ್ಟು ಹಾಗೆ ಕೋರುವ ಅವಕಾಶ 193ನೇ ಕಲಮಿನಲ್ಲಿ ಪೊಲೀಸರಿಗೆ ಮೊದಲೇ ಇದೆ.

ಈ ಆತಂಕಗಳ ಬೇರಿನಲ್ಲಿ ಇನ್ನೊಂದು ಭಾವನೆಯಿದೆ: ಕಾನೂನು ಆರೋಪಿಯ ಕಡೆಗೆ ಅತಿಯಾಗಿ ವಾಲಿದೆ ಎಂಬುದು. ಕರ್ನಾಟಕದವರೇ ಆದ ನ್ಯಾಯಮೂರ್ತಿ ವಿ.ಎಸ್. ಮಳಿಮಠ ಅವರ ಸಮಿತಿ 2003ರ ವರದಿಯಲ್ಲಿ ಈ ಭಾವನೆಗೆ ದನಿ ಕೊಟ್ಟಿತ್ತು. ಸಂಶಯಾತೀತವಾಗಿ ಸಾಬೀತಾಗಬೇಕು ಎಂಬ ಅಳತೆಗೋಲನ್ನು ಸಡಿಲಿಸಬೇಕು, ಹಿರಿಯ ಪೊಲೀಸ್ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನು ಸಾಕ್ಷ್ಯವೆಂದು ಒಪ್ಪಬೇಕು ಎಂದೆಲ್ಲ ಅದು ಸೂಚಿಸಿತ್ತು. ವಕೀಲರು ಮತ್ತು ಮಾನವ ಹಕ್ಕುಗಳ ಸಂಘಟನೆಗಳು ಬಲವಾಗಿ ವಿರೋಧಿಸಿದವು. ಆ ಎರಡೂ ಸಲಹೆಗಳು ಹೊಸ ಸಂಹಿತೆಗಳಲ್ಲೂ ಸೇರಿಲ್ಲ. ಸತ್ಯಶೋಧನೆಯೇ ನ್ಯಾಯಾಲಯದ ಗುರಿಯಾಗಬೇಕು ಎಂಬುದು ಆ ಸಮಿತಿಯ ಮುಖ್ಯ ನಿಲುವಾಗಿತ್ತು. ಆ ನಿಲುವನ್ನು ಒಪ್ಪುವವರು ನಾಲ್ಕನೆಯ ಪಟ್ಟಿಯನ್ನು ಎಲ್ಲರಿಗಿಂತ ಮೊದಲು ಬೆಂಬಲಿಸಬೇಕು.

ನಿಯಮ ರೂಪಿಸುವ ಕ್ರಮದಲ್ಲೇ ಒಂದು ಕೊರತೆಯಿದೆ. ಅಮೆರಿಕದ ಫೆಡರಲ್ ನ್ಯಾಯಾಲಯಗಳ ಕ್ರಿಮಿನಲ್ ನಿಯಮಗಳನ್ನು ತಿದ್ದುವಾಗ ಕರಡನ್ನು ಮೊದಲು ಪ್ರಕಟಿಸಿ, ಆರು ತಿಂಗಳು ಲಿಖಿತ ಅಭಿಪ್ರಾಯ ಪಡೆಯುತ್ತಾರೆ. ಕರಡು ಸಿದ್ಧಪಡಿಸುವ ಸಮಿತಿಯಲ್ಲಿ ಸರ್ಕಾರದ ವಕೀಲರ ಜೊತೆ ಆರೋಪಿ ಪರ ವಕೀಲರೂ ಇರುತ್ತಾರೆ. 2025ರ ಆಗಸ್ಟ್‌ನಲ್ಲಿ ಅಲ್ಲಿ ಪ್ರಕಟವಾದ ಕರಡು, ಮೂರನೆಯವರ ಬಳಿ ಇರುವ ದಾಖಲೆಗಳನ್ನು ಆರೋಪಿ ತರಿಸಿಕೊಳ್ಳುವ 17ನೇ ನಿಯಮಕ್ಕೆ ಸಂಬಂಧಿಸಿದ್ದು. ಅಧ್ಯಕ್ಷ ನಿಕ್ಸನ್ ಅವರ ಧ್ವನಿಸುರುಳಿಗಳನ್ನು ಪ್ರಾಸಿಕ್ಯೂಷನ್ ಕೇಳಿದಾಗ 1974ರಲ್ಲಿ ಹಾಕಿದ ಕಟ್ಟುನಿಟ್ಟಿನ ಅಳತೆಯೇ ಐವತ್ತು ವರ್ಷಗಳಿಂದ ಸಾಮಾನ್ಯ ಆರೋಪಿಗಳನ್ನೂ ಕಟ್ಟಿಹಾಕಿದೆ ಎಂಬುದು ಅಲ್ಲಿನ ವಕೀಲರ ದೂರು. ನಮ್ಮ 523ನೇ ಕಲಂ ನಿಯಮಗಳು ರಾಜ್ಯಪತ್ರದಲ್ಲಿ ಪ್ರಕಟವಾಗಬೇಕು ಎನ್ನುತ್ತದೆ, ಕರಡು ಪ್ರಕಟವಾಗಬೇಕು ಎನ್ನುವುದಿಲ್ಲ. ತಾಲ್ಲೂಕು ನ್ಯಾಯಾಲಯದಲ್ಲಿ ದಿನವೂ ಪಾಟೀ ಸವಾಲು ಮಾಡುವವರು ನಿಯಮವನ್ನು ಮೊದಲ ಬಾರಿ ನೋಡುವುದು ಅದು ಜಾರಿಯಾದ ಮೇಲೆ. ಹೈಕೋರ್ಟುಗಳು ಈ ಬಾರಿ ಕರಡನ್ನು ಜಿಲ್ಲಾ ವಕೀಲರ ಸಂಘಗಳಿಗೂ ಕಾನೂನು ನೆರವಿನ ವಕೀಲರ ಕಚೇರಿಗಳಿಗೂ ಕನ್ನಡದಂಥ ಆಯಾ ಭಾಷೆಗಳಲ್ಲಿ ಕಳುಹಿಸುವುದಕ್ಕೆ ಯಾವ ಕಾನೂನಿನ ಅಡ್ಡಿಯೂ ಇಲ್ಲ.

ಅದಾಗುವವರೆಗೆ ಪಟ್ಟಿ ಬೇಕಾದವರು ಕೇಳಿಯೇ ಪಡೆಯಬೇಕು. ಕೇಳುವ ಹೊತ್ತೂ ಮುಖ್ಯ. ಪೊಲೀಸ್ ಠಾಣೆಗಳ ಕ್ಯಾಮೆರಾ ದೃಶ್ಯಗಳನ್ನು 18 ತಿಂಗಳು, ಅದಾಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಅಂಗಡಿ ಮುಂಗಟ್ಟುಗಳ ಕ್ಯಾಮೆರಾಗಳಲ್ಲಿ ಕೆಲವೇ ವಾರಗಳಲ್ಲಿ ಹಳೆಯದರ ಮೇಲೆ ಹೊಸದು ದಾಖಲಾಗಿಬಿಡುತ್ತದೆ. ಪ್ರತಿವಾದಿ ಸಾಕ್ಷ್ಯದ ಹಂತದಲ್ಲಿ ಎಚ್ಚೆತ್ತು ಕೇಳಿದರೆ ಪೊಲೀಸರು ವಶಪಡಿಸಿಕೊಂಡಿರದ ದೃಶ್ಯ ಎಲ್ಲೂ ಉಳಿದಿರುವುದಿಲ್ಲ. ಪೊನ್ನುಸಾಮಿ ಪ್ರಕರಣದಲ್ಲೂ, ಹಕ್ಕನ್ನು ಎತ್ತಿಹಿಡಿದ ಪೀಠವೇ ಶಿಕ್ಷೆಯಾದ ಮೇಲೆ ಕೇಳಿದವರಿಗೆ ಅದನ್ನು ಕೊಡಲಿಲ್ಲ. ವಿಚಾರಣೆ ಆರಂಭವಾಗುವಾಗ ಕೇಳಬೇಕಾದದ್ದು ಎಂದಿತು. ಹಾಗಾಗಿ ದೋಷಾರೋಪಣ ಪಟ್ಟಿಯ ಪ್ರತಿ ಕೈಗೆ ಬಂದ ಕೂಡಲೇ ಒಂದು ಪುಟದ ಅರ್ಜಿ ಹಾಕಿ, ಮನೋಜ್, ಪೊನ್ನುಸಾಮಿ ಮತ್ತು ಸರಳಾ ಗುಪ್ತಾ ತೀರ್ಪುಗಳನ್ನು ಅದರ ಜೊತೆಗಿಡುವುದು ಒಳ್ಳೆಯದು. 'ಕರಡು ನಿಯಮ ನಮ್ಮಲ್ಲಿನ್ನೂ ಬಂದಿಲ್ಲ' ಎಂಬ ತಕರಾರು ಎದುರಿನಿಂದ ಬಂದರೆ, ಅದಕ್ಕೆ ಉತ್ತರ ಆ ಮೂರರಲ್ಲಿ ಎರಡನೆಯದರಲ್ಲಿದೆ.